ಮೇಡಂ, ನೀವು ಕೇಳಿದ್ರಾ?

ಲ್ಯಾಬಿನ ಬೀಗದ ಕೈ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ, ಹೆಡ್‌ಮಾಸ್ಟರು ಗೇಟಿನಲ್ಲಿ. ಮುಳಬಾಗಿಲಿನ ಬಿಇಒ ಕಚೇರಿಯಲ್ಲಿ ಮೀಟಿಂಗು. ಬೈಕಿಗೆ ಆಗಲೇ ಕಿಕ್ ಕೊಟ್ಟಾಗಿದೆ. ವಿಜ್ಞಾನದ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ಉದ್ದಕ್ಕೂ ಓಡುತ್ತಾರೆ, ಅವರ ಹಿಂದೆ ಹತ್ತನೇ ಕ್ಲಾಸಿನ ಇಬ್ಬರು ಹುಡುಗರು. ಕೈ ಸಿಕ್ಕಿತು, ಜೊತೆಗೊಂದು ಅಪ್ಪಣೆಯೂ: “ಯುಪಿಎಸ್ ಕುಂಯ್ ಅಂದ ತಕ್ಷಣ ಎಲ್ಲ ಆಫ್ ಮಾಡಿಬಿಡಿ ಮೇಡಂ, ಬ್ಯಾಟರಿ ಕೈಕೊಟ್ಟೈತೆ.”

ಬನ್ನಿ, ಚಪ್ಪಲಿ ಹೊರಗೆ ಬಿಡಿ. ಇದು ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ. ಇಲ್ಲಿ ಕಾಣುವುದೆಲ್ಲ ಕೋಲಾರ ಸೀಮೆಯ ಯಾವ ಶಾಲೆಯಲ್ಲಾದರೂ ಕಾಣುವಂಥದ್ದೇ. ಹೊರಗೆ ಡಾಂಬರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದಾರೆ, ಟ್ರ್ಯಾಕ್ಟರು ಟೆಂಪೋಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತಿವೆ. ಅವರೆಕಾಯಿ ಕಾಲ. ಬೆಳಗ್ಗೆ ಅಮ್ಮನ ಜೊತೆ ಕಾಯಿ ಬಿಡಿಸಿ ಬಂದ ಮಕ್ಕಳ ಬೆರಳಲ್ಲಿ ಇನ್ನೂ ಆ ಸೊಗಡು. ಅದೇ ಬೆರಳು ಇನ್ನು ಐದು ನಿಮಿಷಕ್ಕೆ ಕೀಬೋರ್ಡಿನ ಮೇಲೆ.

ಒಳಗೆ ಧೂಳು, ಹಲ್ಲಿ ಹಿಕ್ಕೆ, ಮುಚ್ಚಿದ ಕಿಟಕಿಯ ಮುಗ್ಗಲು ವಾಸನೆ. ಮೂಲೆಯಲ್ಲಿ ಬೆನ್ನು ಡುಬ್ಬದ ಹಳೇ ಮಾನಿಟರುಗಳು ಒಂದರ ಮೇಲೊಂದು ಕೂತಿವೆ. 2000ದ ದಶಕದ ಆರಂಭದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ತಂದ ‘ಮಾಹಿತಿ ಸಿಂಧು’ವಿನ ಕಾಲದವು. ಪಕ್ಕದ ಮೇಜುಗಳ ಮೇಲಿರುವವು ಆಮೇಲೆ ಬಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದವು. ಇಷ್ಟುದ್ದ ಹೆಸರನ್ನು ಯಾರೂ ಹೇಳುವುದಿಲ್ಲ, ಸ್ಟಾಫ್ ರೂಮಿನಲ್ಲಿ ಅದು ಬರೀ ‘ಟಾಲ್ಪ್’. ಮಕ್ಕಳ ಕೈಯಲ್ಲಿರುವ ಪಠ್ಯಪುಸ್ತಕ ತೆರೆದರೆ ಪಾಠದ ತಲೆಯ ಮೇಲೆ ಕಪ್ಪು ಚುಕ್ಕಿಗಳ ಚೌಕ. ಫೋನು ಹಿಡಿದರೆ ‘ದೀಕ್ಷಾ’ ತಾಣದ ವಿಡಿಯೊ ತೆರೆದುಕೊಳ್ಳುತ್ತದೆ. ಆ ತಾಣ ಶುರುವಾದದ್ದು 2017ರ ಶಿಕ್ಷಕರ ದಿನದಂದು. ಅಂದರೆ ಸಲಕರಣೆ ಬಂದಿಲ್ಲ ಅನ್ನುವಂತಿಲ್ಲ. ಬಂದಿದೆ, ಪದರ ಪದರವಾಗಿ ಬಂದಿದೆ. ಅದನ್ನು ಹೇಗೆ ಹಿಡಿಯಬೇಕು ಎನ್ನುವ ಪಾಠ ಮಾತ್ರ ಯಾವ ಪೆಟ್ಟಿಗೆಯಲ್ಲೂ ಬರಲಿಲ್ಲ.

ಮೂವತ್ತೆಂಟು ಮಕ್ಕಳು ನುಗ್ಗುತ್ತಾರೆ. ಹತ್ತು ಕಂಪ್ಯೂಟರಿನಲ್ಲಿ ಎಚ್ಚರವಾಗುವವು ಏಳು. ಒಂದು ಮೌಸಿಗೆ ಐದಾರು ಕೈ. ಈಗ ನೋಡಿ: ಯಾರೂ ಹೇಳದೆಯೇ ಹುಡುಗರು ಕುರ್ಚಿಗೆ, ಹುಡುಗಿಯರು ಕುರ್ಚಿಯ ಹಿಂದಕ್ಕೆ. ಒಬ್ಬಳು ನೋಟ್‌ಬುಕ್ ತೆರೆದು, ಇನ್ನೊಬ್ಬರು ಮಾಡಿದ್ದನ್ನು ಬರೆದುಕೊಳ್ಳಲು ತಯಾರಾಗಿಯೇ ನಿಂತಿದ್ದಾಳೆ.

“ಏಳ್ರೋ. ಮೊದಲ ಕಾಲು ಗಂಟೆ ಮೌಸು ಹೆಣ್ಣುಮಕ್ಕಳ ಕೈಲಿ.”

“ಮೇಡಂ, ಅವ್ರಿಗೆ ಬರಲ್ಲ ಮೇಡಂ.”

“ನಿಂಗೂ ಹೋದ ವರ್ಷ ಬರ್ತಿರಲಿಲ್ಲ.”

ಇನ್ನೊಂದು ಕಟ್ಟಳೆಯೂ ಇದೆ, ಗೋಡೆಯ ಮೇಲೆ ಚಾರ್ಟಿನಲ್ಲಿ ಬರೆದಿದೆ: ಮೌಸ್ ಹಿಡಿದವರಿಗೆ ಬಾಯಿಲ್ಲ, ಬಾಯಿ ಇರುವವರಿಗೆ ಮೌಸಿಲ್ಲ. ಹೇಳುವವರು ಹೇಳಬೇಕು, ಹಿಡಿದವರು ಅದನ್ನೇ ಮಾಡಬೇಕು, ಐದು ನಿಮಿಷಕ್ಕೆ ಬದಲು. ಕಿತ್ತುಕೊಂಡರೆ ಆ ಗುಂಪಿನ ಪರದೆ ಬಂದ್. ಡಿಜಿಟಲ್ ಶಿಷ್ಟಾಚಾರದ ಮೇಲೆ ನಾನು ಕಂಡ ಕೈಪಿಡಿಗಳೆಲ್ಲ ಪಾಸ್‌ವರ್ಡಿನಿಂದ ಶುರುವಾಗುತ್ತವೆ. ಪ್ರತಿ ಮಗುವಿಗೂ ಒಂದೊಂದು ಯಂತ್ರವಿರುವ ಊರಿನಲ್ಲಿ ಬರೆದ ಕೈಪಿಡಿಗಳಿರಬೇಕು. ಇಲ್ಲಿ ಮೊದಲ ಪಾಠ ಸರದಿ.

ಇವತ್ತಿನದು ವಿದ್ಯುಚ್ಛಕ್ತಿ. ನೆಟ್ ನೆಚ್ಚಿಕೊಂಡರೆ ಕೆಟ್ಟೆವು ಅಂತ ಮೇಡಂ ಮನೆಯಿಂದಲೇ ಪೆನ್‌ಡ್ರೈವಿನಲ್ಲಿ ‘ಫೆಟ್’ ಪ್ರಯೋಗ ತಂದಿದ್ದಾರೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು; ದುಡ್ಡಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಪರದೆಯ ಮೇಲೆ ತಂತಿ ಎಳೆದು, ಬ್ಯಾಟರಿ ಇಟ್ಟು, ಬಲ್ಬು ಹೊತ್ತಿಸಬೇಕು. ಹೊತ್ತಿತು. ಹಿಂದಿನಿಂದ ಪಿಸುಮಾತು ತೆಲುಗಿಗೆ ತಿರುಗಿತು, ಮನೆಮಾತು ಅದೇ ತಾನೆ: “ಇಂಕೊಕ ಬ್ಯಾಟರಿ ಪೆಟ್ಟುವೇ.” ಇನ್ನೊಂದು ಇಟ್ಟರು. ಮತ್ತೊಂದು. ತಂತಿ ಸುತ್ತಿ ಶಾರ್ಟ್ ಮಾಡಿದರು. ಪರದೆಯಲ್ಲಿ ಬ್ಯಾಟರಿಗೆ ಧಗ್ ಅಂತ ಬೆಂಕಿ! ಏಳೂ ಗುಂಪಿನವರು ಕೇಕೆ ಹಾಕಿ ತಮ್ಮ ತಮ್ಮ ಬ್ಯಾಟರಿಗೆ ಬೆಂಕಿ ಹಚ್ಚುವುದರಲ್ಲಿ ತೊಡಗಿದರು. ಮೇಡಂ ತಡೆಯಲಿಲ್ಲ. ನಿಜವಾದ ಬ್ಯಾಟರಿಯಲ್ಲಿ ಈ ಪಾಠ ಮಾಡಲಾಗದು ಎನ್ನುವುದೇ ಈ ಸಲಕರಣೆಗೆ ಇರುವ ಒಳ್ಳೆಯ ಸಮರ್ಥನೆ.

“ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಬಂದದ್ದು ಯಾವಾಗ ಗೊತ್ತೇನ್ರೋ? 1902. ಬೆಂಗಳೂರಿನ ಬೀದಿಗೆ ಬಂದದ್ದು 1905. ಮೂರು ವರ್ಷ ಮೊದಲೇ ನಮ್ಮ ಜಿಲ್ಲೆಗೆ...”

ಕುಂಯ್.

ಕರೆಂಟ್ ಹೋಯಿತು. ನಗು ತಡೆಯಲಾಗದೆ ಮೇಡಂ ತಾವೇ ಮೊದಲು ನಕ್ಕರು. ಏಳೂ ಪರದೆ ಒಂದೊಂದಾಗಿ ಕಣ್ಣು ಮುಚ್ಚಿದವು.

ಇನ್ನೂ ಅರ್ಧ ಪಿರಿಯಡ್ ಉಳಿದಿದೆ. ಕಿಟಕಿ ತೆರೆದರು, ಬೋರ್ಡಿನ ಮೇಲೆ ದಪ್ಪಗೆ ಬರೆದರು: ಮೊಬೈಲ್ ಮರ್ಯಾದೆ. ಈಗ ಪಕ್ಕಕ್ಕೆ ಸರಿದು ಕುಳಿತುಕೊಳ್ಳಿ, ಇವತ್ತಿನ ನಿಜವಾದ ಪಾಠ ಈಗ.

“ಯಾರ ಮನೇಲಿ ಸ್ಮಾರ್ಟ್‌ಫೋನ್ ಐತೆ?” ಎಲ್ಲ ಕೈಯೂ ಮೇಲೆ, ಮೂರೋ ನಾಲ್ಕೋ ಬಿಟ್ಟು. ಈ ಮಕ್ಕಳು ನಾಲ್ಕನೇ ತರಗತಿಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ, ಶಾಲೆ ಮುಚ್ಚಿತು. ದೊಡ್ಡ ಮಕ್ಕಳಿಗೆ ಚಂದನದಲ್ಲಿ ‘ಸಂವೇದ’ ಪಾಠ ಬಂತು, ಆಗಸ್ಟಿನಲ್ಲಿ ಊರಿನ ಅರಳಿಕಟ್ಟೆ, ಗುಡಿ ಜಗಲಿಗಳ ಮೇಲೆ ‘ವಿದ್ಯಾಗಮ’ ನಡೆಯಿತು, ಅದೂ ಅಕ್ಟೋಬರಿಗೆ ನಿಂತಿತು. ಟೊಮೆಟೊ ದುಡ್ಡಲ್ಲೋ ಹಾಲಿನ ಬಟವಾಡೆಯಲ್ಲೋ ಸಾಲದಲ್ಲೋ ಅಪ್ಪಂದಿರು ಫೋನು ತಂದರು. ಪಾಠಕ್ಕೆಂದು ಬಂದ ಫೋನು ಶಾಲೆ ತೆರೆದ ಮೇಲೂ ಮನೆಯಲ್ಲೇ ಉಳಿಯಿತು. ಅದರ ನಡವಳಿಕೆ ಕಲಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪನಿಗೂ ಮಗನಿಗೂ ಒಂದೇ ದಿನ ಸಿಕ್ಕ ವಸ್ತು ಅದು.

ಮೇಡಂ ತಮ್ಮ ಫೋನಿನಿಂದ ಓದುತ್ತಾರೆ: ಎಲ್ಲ ವಿದ್ಯಾರ್ಥಿಗಳಿಗೂ ಸರ್ಕಾರದಿಂದ ಉಚಿತ ಲ್ಯಾಪ್‌ಟಾಪ್, ಇವತ್ತೇ ಕೊನೆ, ಹತ್ತು ಗ್ರೂಪಿಗೆ ಕಳಿಸಿ. “ಯಾರಿಗೆ ಬಂದಿತ್ತು?” ಅರ್ಧ ಕ್ಲಾಸಿಗೆ ಬಂದಿತ್ತು. “ಯಾರು ಮುಂದಕ್ಕೆ ಕಳಿಸಿದ್ರಿ?” ಕೈಗಳು ನಿಧಾನಕ್ಕೆ ಕೆಳಗಿಳಿದವು, ಒಂದು ಬಿಟ್ಟು. ಅವನಿಗೆ ಬೈಗುಳವಿಲ್ಲ, ಅವನನ್ನೇ ಬೋರ್ಡಿಗೆ ಕರೆದರು. ಎರಡು ವಿಳಾಸ ಬರೆಸಿದರು. ಒಂದು ವಿದ್ಯಾರ್ಥಿವೇತನದ್ದು, ಎಲ್ಲರೂ ಅರ್ಜಿ ಹಾಕಿರುವುದು: ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಇನ್ನೊಂದು ಆ ಸಂದೇಶದ ಲಿಂಕು. ಅದರಲ್ಲೂ ‘ಕರ್ನಾಟಕ’ ಇದೆ, ‘ಜಿಒವಿ’ ಇದೆ, ಆದರೆ ಕೊನೆಯಾಗುವುದು ಬೇರೆ ಎಲ್ಲೋ.

“ಮನೆಗೆ ಬಂದೋರ ಮಖ ನೋಡ್ತೀವಿ. ಲಿಂಕಿಗೆ ಬಾಲ ನೋಡಬೇಕು. ಶುರುವಿನ ಜೋಡಿ ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ? ಅದರ ಎಡಗಡೆ ಏನೈತೋ ಅದೇ ಬಾಲ. ಸರ್ಕಾರದ್ದಾದ್ರೆ ಅಲ್ಲಿ ಸಾಮಾನ್ಯವಾಗಿ ಜಿಒವಿ ಡಾಟ್ ಇನ್ ಇರ್ತೈತೆ.”

ಹುಡುಗ ಬೆರಳಿಟ್ಟು ಹುಡುಕಿದ. “ಇದು ಡಾಟ್ ಎಕ್ಸ್‌ವೈಜೆಡ್ ಅಂತೈತೆ ಮೇಡಂ. ಕಳ್ಳ!”

ಓಟಿಪಿ ಮಾತು ಬಂತು. ಮುಂದಿನ ಬೆಂಚಿನವನ ಮಾವ ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ. ಯಾರೋ ಬ್ಯಾಂಕಿನವರೆಂದು ಫೋನು ಮಾಡಿದರು, ನಂಬರು ಹೇಳಿದ, ದುಡ್ಡು ಹೋಯಿತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲವಂತೆ. ಮೇಡಂ ಬೋರ್ಡಿನ ಮೂಲೆಯಲ್ಲಿ 1930 ಅಂತ ಬರೆದು ಸುತ್ತ ಗೆರೆ ಎಳೆದರು. “ಮೋಸ ಹೋದ ಮೊದಲ ಗಂಟೆಯಲ್ಲೇ ಈ ನಂಬರಿಗೆ ಮಾಡಿದ್ರೆ ದುಡ್ಡು ಕೈಬದಲಾಗೋದ್ರೊಳಗೆ ತಡೆಹಿಡಿಯೋಕೆ ದಾರಿ ಐತೆ. ನಾಚಿಕೆ ಆಮೇಲೆ ಪಡಬಹುದು.”

ಆಮೇಲೆ ದನಿ ತಗ್ಗಿಸಿ ಬೀದರಿನ ಕಥೆ ಹೇಳಿದರು. 2018ರ ಜುಲೈ 13. ಹೈದರಾಬಾದಿನ ಕಡೆಯಿಂದ ಗೆಳೆಯನ ಊರಿಗೆ ಬಂದವರು ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂದು ಯಾರಿಗೋ ಅನುಮಾನ, ವಿಡಿಯೊ ವಾಟ್ಸ್‌ಆಪ್ ಗ್ರೂಪಿಗೆ ಹೋಯಿತು. ಕಾರು ಮುರ್ಕಿ ಎನ್ನುವ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ರಸ್ತೆಗೆ ಅಡ್ಡ ಹಾಕಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದ್ದೇ ವದಂತಿಗೆ ರಾಜಸ್ಥಾನದ ಯುವಕನೊಬ್ಬ ಸತ್ತಿದ್ದ. ಆ ಜುಲೈಯಲ್ಲೇ ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಕಡಿವಾಣ ಹಾಕಿತು. 2020ರ ಏಪ್ರಿಲಿನಿಂದ, ಕೈಯಿಂದ ಕೈಗೆ ಬಹಳ ಸುತ್ತಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ. ಅಂಥವಕ್ಕೆ ಜೋಡಿ ಬಾಣದ ಗುರುತಿರುತ್ತದೆ. “ಜೋಡಿ ಬಾಣ ಕಂಡ್ರೆ ಕೈ ನಿಲ್ಲಬೇಕು” ಎಂದರು. ಬರೆದುಕೊಳ್ಳಿ ಅಂತ ಹೇಳಲಿಲ್ಲ; ಎಲ್ಲರೂ ಬರೆದುಕೊಂಡರು.

“ಆಸ್ಟ್ರೇಲಿಯಾದಾಗೆ ಹದಿನಾರು ತುಂಬೋವರ್ಗೂ ಇನ್‌ಸ್ಟಾನೇ ಇಲ್ವಂತೆ ಮೇಡಂ,” ಅಂದ ಕೊನೆಯ ಬೆಂಚಿನವನು, ಅಲ್ಲಿ ಹುಟ್ಟದೆ ಬಚಾವಾದವನ ಧಾಟಿಯಲ್ಲಿ. ನಿಜ, 2025ರ ಡಿಸೆಂಬರ್ 10ರಿಂದ. ಆ ಸುದ್ದಿ ಅವನಿಗೆ ಬಂದದ್ದು ಇನ್‌ಸ್ಟಾದಲ್ಲೇ.

ಕೊನೆಯ ಕಟ್ಟಳೆ ಬೋರ್ಡಿಗೆ ಬಂತು: ಕೇಳದೆ ಯಾರ ಫೋಟೊವನ್ನೂ ತೆಗೆಯಬಾರದು, ತೆಗೆದದ್ದನ್ನು ಕೇಳದೆ ಎಲ್ಲೂ ಹಾಕಬಾರದು. ಹೋದ ತಿಂಗಳು ಯಾರೋ ತೂಕಡಿಸುತ್ತಿದ್ದವನ ಫೋಟೊ ಸ್ಟೇಟಸ್ಸಿಗೆ ಹಾಕಿ ಅವನು ಮೂರು ದಿನ ಶಾಲೆಗೆ ಬರದಿದ್ದ ಪ್ರಸಂಗ ಎಲ್ಲರಿಗೂ ಗೊತ್ತು. ಆಗ ಮೂರನೇ ಬೆಂಚಿನ ಹುಡುಗಿ, ನೋಟ್‌ಬುಕ್ ಹಿಡಿದು ಕುರ್ಚಿಯ ಹಿಂದೆ ನಿಂತಿದ್ದವಳೇ, ಎದ್ದು ನಿಂತಳು.

“ಮೇಡಂ, ಮೊಟ್ಟೆ ಫೋಟೊ ತೆಗೀವಾಗ ನೀವು ಕೇಳಿದ್ರಾ?”

ಕೊಂಕಿನ ಪ್ರಶ್ನೆಯಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಮೇಡಂ ಒಂದು ಕ್ಷಣ ಸೀಮೆಸುಣ್ಣ ತಿರುಗಿಸಿದರು. “ಇಲ್ಲ ಕಣಮ್ಮ. ಕೇಳಿಲ್ಲ.” ಕಟ್ಟಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಮೇಷ್ಟ್ರಿಗೂ ಅನ್ವಯ. ಗಂಟೆ ಹೊಡೆಯಿತು.

ಬಿಸಿಯೂಟದ ಸಾಲಿಗೆ ಬನ್ನಿ. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಸರ್ಕಾರದ ಎರಡು ದಿನದ ಮೇಲೆ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಒಳ್ಳೆಯ ಕೆಲಸ. ಆದರೆ ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ಲ. ತಟ್ಟೆ ಹಿಡಿದು, ಮೊಟ್ಟೆ ಎತ್ತಿ ತೋರಿಸಿ, ಕ್ಯಾಮೆರಾ ನೋಡಬೇಕು. ಹಾಲಿಗೂ ಹಾಗೇ, ಸಮವಸ್ತ್ರಕ್ಕೂ ಹಾಗೇ, ಶೂಗೂ. ಇವತ್ತು ಮೇಡಂ ಮೊಟ್ಟೆಯ ಟ್ರೇ ತೆಗೆದರು, ಸಾಲನ್ನು ಬೆನ್ನ ಹಿಂದಿನಿಂದ ತೆಗೆದರು. ಅಡುಗೆಯಮ್ಮ ಸೌಟು ನಿಲ್ಲಿಸಿ ನೋಡಿದರು. “ಮಕ ಬುಟ್ಟು ತೆಗುದ್ರೆ ಒಪ್ಕೊಂತಾರಾ ಮೇಡಮ್ಮಾ?”

ಫೋಟೊ ಕಳಿಸಿದ ಹತ್ತು ನಿಮಿಷಕ್ಕೆ ಅಧಿಕಾರಿಗಳ ಗ್ರೂಪಿನಲ್ಲಿ ಉತ್ತರ: ಮಕ್ಕಳು ಸರಿಯಾಗಿ ಕಾಣಿಸುತ್ತಿಲ್ಲ, ಪುನಃ ಕಳುಹಿಸಿ.

ಸ್ಟಾಫ್ ರೂಮಿನಲ್ಲಿ ಡಬ್ಬಿಗಳು ತೆರೆದಿವೆ, ಅವರೆಕಾಳಿನ ಹುಳಿ ಕೈಯಿಂದ ಕೈಗೆ ಹೋಗುತ್ತಿದೆ. ಶ್ರೀನಿವಾಸಪುರದಿಂದ ದಿನಾ ಬಸ್ಸಿಗೆ ಬರುವ ಸಮಾಜ ವಿಜ್ಞಾನದ ಸಾರ್, ಮಗಳ ಶಾಲೆಯ ಪೋಷಕರ ಗ್ರೂಪಿನ ಮಾತೆತ್ತಿದರು. ಬೆಳಗಿನ ಐದಕ್ಕೆ ದೇವರ ಚಿತ್ರ, ಏಳಕ್ಕೆ ಪಾರ್ಟಿಯ ಜಗಳ, ಮಾವಿನಕಾಯಿ ರೇಟು, ಅದರ ನಡುವೆ ಎಲ್ಲ ಮಕ್ಕಳ ಅಂಕಪಟ್ಟಿ, ಹೆಸರು ಸಮೇತ. ಕಡಿಮೆ ಅಂಕದ ಮಗುವಿನ ತಾಯಿ ಏನೂ ಹೇಳದೆ ಗ್ರೂಪಿನಿಂದ ಹೊರಬಿದ್ದರಂತೆ. “ಆಮೇಲೆ ಡಿಲೀಟ್ ಮಾಡಿದ್ರಾ ಸಾರ್?” “ಮಾಡೋಕೋದ್ರು. ಆಗಲಿಲ್ಲ.” ಕಳಿಸಿ ಎರಡೂವರೆ ದಿನ ದಾಟಿದರೆ ಎಲ್ಲರ ಫೋನಿನಿಂದ ಅಳಿಸಲು ವಾಟ್ಸ್‌ಆಪ್ ಬಿಡುವುದಿಲ್ಲ. ಬಿಟ್ಟರೂ, ಅಷ್ಟರಲ್ಲಿ ಯಾರ ಗ್ಯಾಲರಿಯಲ್ಲಿ ಏನು ಇಳಿದಿದೆಯೋ.

ಆಗ ಯಾರೋ ಮಾಲೂರಿನ ಹೆಸರು ತೆಗೆದರು, ಎಲ್ಲರೂ ಊಟ ನಿಧಾನ ಮಾಡಿದರು. ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು 2023ರ ಡಿಸೆಂಬರಿನಲ್ಲಿ ಬಯಲಾಯಿತು. ಬಯಲು ಮಾಡಿದ್ದು ಮೊಬೈಲಿನ ವಿಡಿಯೊ. ಅದೇ ಶಾಲೆಯ ತನಿಖೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಚಿತ್ರಕಲೆಯ ಶಿಕ್ಷಕರೊಬ್ಬರು ಹೆಣ್ಣುಮಕ್ಕಳ ಫೋಟೊ, ವಿಡಿಯೊಗಳನ್ನು ಅವರಿಗೇ ತಿಳಿಯದಂತೆ ತೆಗೆದಿದ್ದರೆಂಬ ಆರೋಪ. ಪೋಕ್ಸೊ ಪ್ರಕರಣ ದಾಖಲಾಯಿತು. ಅದನ್ನು ರದ್ದು ಮಾಡಲು 2024ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಒಂದೇ ಶಾಲೆ. ಒಂದು ಫೋನು ಮಕ್ಕಳನ್ನು ಗುಂಡಿಯಿಂದ ಎತ್ತಿತು, ಇನ್ನೊಂದರ ಮೇಲೆ ಇಂಥ ಆರೋಪ. ಫೋನು ಒಳ್ಳೆಯದೋ ಕೆಟ್ಟದ್ದೋ ಎಂದು ಚರ್ಚಾಸ್ಪರ್ಧೆ ನಡೆಸುವ ಶಾಲೆಗಳು ಈ ಒಂದು ಪ್ರಕರಣ ಓದಿದರೆ ವಿಷಯವನ್ನೇ ಬದಲಿಸಬೇಕಾಗುತ್ತದೆ: ದೊಡ್ಡವರ ಫೋನನ್ನು ತಪಾಸಣೆ ಮಾಡುವವರು ಯಾರು?

ಮೊಟ್ಟೆಯ ಫೋಟೊವನ್ನೂ ಆ ಪ್ರಕರಣವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ, ಕಾರಣ ಕೇಳದೆ, ಮೇಷ್ಟ್ರು ಫೋನೆತ್ತಿದರೆ ಮುಖ ಒಡ್ಡಿ ನಿಲ್ಲುವುದು ರೂಢಿಯಾದ ಮಗು, ಫೋನೆತ್ತಿದವರ ಮನಸ್ಸಿನಲ್ಲಿ ಬೇರೇನೋ ಇದ್ದ ದಿನ ‘ಬೇಡ’ ಅನ್ನುವುದು ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಶಾಲೆಗಳಿಗೆ ಕೆಲವು ರಿಯಾಯಿತಿಗಳಿವೆ. ರಿಯಾಯಿತಿ ಇದೆಯೆಂದು ಮರ್ಯಾದೆ ಬಿಡಬೇಕಿಲ್ಲ.

ಇನ್ನು ಯಾವುದಾದರೂ ಶಿಕ್ಷಕರ ತರಬೇತಿಯ ಕೊನೆಯ ಸಾಲಿನಲ್ಲಿ ನೀವೊಮ್ಮೆ ಕೂರಬೇಕು. ಮುಂದೆ ಪರದೆಯ ಮೇಲೆ ‘ಜವಾಬ್ದಾರಿಯುತ ಬಳಕೆ’. ಹಿಂದೆ ಮೂವರು ರೀಲ್ಸ್ ನೋಡುತ್ತಾರೆ, ಒಬ್ಬರು ವಾಯ್ಸ್ ಮೆಸೇಜನ್ನು ಜೋರಾಗಿ ಕೇಳಿಸಿಕೊಳ್ಳುತ್ತಾರೆ, ಯಾರದೋ ಫೋನಿನಲ್ಲಿ ಅಣ್ಣಮ್ಮನ ಹಾಡು. ಇಷ್ಟು ಸಾಕು.

ಸಂಜೆ. ಮುಳಬಾಗಿಲಿನಿಂದ ಕೋಲಾರದ ಬಸ್ಸು ಹೆದ್ದಾರಿ ಹಿಡಿದಿದೆ. ಕೋಲಾರ ದಾಟಿ ಬೆಂಗಳೂರಿನ ದಿಕ್ಕಿಗೆ ಹೋದರೆ ನರಸಾಪುರದ ಕೈಗಾರಿಕಾ ಪ್ರದೇಶ, ಶಿಫ್ಟಿನ ಬಸ್ಸುಗಳ ಸಾಲು. 2020ರ ಡಿಸೆಂಬರ್ 12ರ ಬೆಳಗ್ಗೆ ಸಂಬಳದ ವಿಚಾರಕ್ಕೆ ಕಾರ್ಮಿಕರು ಸಿಡಿದೆದ್ದು ದೇಶಕ್ಕೆಲ್ಲ ಸುದ್ದಿಯಾದ ವಿಸ್ಟ್ರಾನ್ ಕಾರ್ಖಾನೆ ಅಲ್ಲಿಯದು. 2023ರಲ್ಲಿ ಟಾಟಾದವರ ಕೈಗೆ ಬಂತು. ಅಲ್ಲಿ ಜೋಡಿಸುವುದು ಐಫೋನು. ಜಗತ್ತಿನ ಅತಿ ದುಬಾರಿ ಕ್ಯಾಮೆರಾ ಫೋನುಗಳಲ್ಲೊಂದು ಕೋಲಾರ ತಾಲ್ಲೂಕಿನಿಂದಲೇ ಪೆಟ್ಟಿಗೆ ಸೇರಿ ಹೊರಡುತ್ತದೆ. ಮೂರನೇ ಬೆಂಚಿನ ಹುಡುಗಿ ಇನ್ನು ನಾಲ್ಕೈದು ವರ್ಷಕ್ಕೆ ಆ ಬಸ್ಸು ಹತ್ತಬಹುದು, ಹತ್ತದೆಯೂ ಇರಬಹುದು. ಎಲ್ಲಿಗೆ ಹೋದರೂ ಅವಳ ಪ್ರಶ್ನೆ ಅವಳ ಜೊತೆ ಹೋಗುತ್ತದೆ. ನಮ್ಮ ಉತ್ತರ ಮಾತ್ರ ಇನ್ನೂ ತಯಾರಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೇಷ್ಟ್ರುಗಳೇ, ಮೇಡಂಗಳೇ, ಮಕ್ಕಳಿಗೆ ಮೊಬೈಲ್ ಮರ್ಯಾದೆ ಹೇಳುವ ದಿನ ಮೊದಲು ನಿಮ್ಮ ಗ್ರೂಪು ತೆರೆದು ನೋಡಿ. ಅಂಕಪಟ್ಟಿಯನ್ನು ಆಯಾ ಮನೆಗೆ ಮಾತ್ರ ಕಳಿಸಿ, ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ, ಬೇಡ ಅಂದ ಮಗುವನ್ನು ಬಿಟ್ಟುಬಿಡಿ. ಮೇಲಿನ ಅಧಿಕಾರಿಗಳಲ್ಲಿ ಇನ್ನೊಂದು ಬಿನ್ನಹ: ಮೊಟ್ಟೆಗೆ ಲೆಕ್ಕ ಕೇಳಿ, ರಿಜಿಸ್ಟರ್ ಕೇಳಿ, ಎಸ್‌ಡಿಎಂಸಿಯವರ ಸಹಿ ಕೇಳಿ, ಅನುಮಾನವಿದ್ದರೆ ಹೇಳದೆ ಕೇಳದೆ ಮಧ್ಯಾಹ್ನ ಬಂದು ಸಾಲಿನಲ್ಲಿ ನಿಂತು ಎಣಿಸಿ. ಮಗುವಿನ ಮುಖ ಕೇಳಬೇಡಿ.